ಕೆಗೆಲ್ ಮಾಡ್ತಿದ್ರೂ ಕೆಮ್ಮಿದಾಗ ಮೂತ್ರ ಸೋರೋದು ಯಾಕೆ ನಿಲ್ತಿಲ್ಲ?

[ತೆರೆ: ಗದ್ದೆ ಬದುವಿನ ಮೇಲೆ ಹಾಸಿರೋ ನೀರಿನ ಪೈಪು]

ನಮಸ್ಕಾರ. ತುಂಬಿದ ಬಿಂದಿಗೆ ಸೊಂಟಕ್ಕೆ ಎತ್ಕೊಂಡಾಗ, ಕಬ್ಬಿನ ಹೊರೆ ತಲೆಗೇರಿಸಿದಾಗ, ಜೋರಾಗಿ ಸೀನಿದಾಗ ನಾಲ್ಕು ಹನಿ ಮೂತ್ರ ಸೋರುತ್ತೆ. ಮಂಡ್ಯ, ಮೈಸೂರು ಕಡೆ ಎಷ್ಟೋ ಹೆಂಗಸರು 'ಹೆರಿಗೆ ಆದ್ಮೇಲೆ ಇದ್ದಿದ್ದೇ' ಅಂತ ಸುಮ್ಮನಿದ್ದುಬಿಡ್ತಾರೆ. ಇನ್ನು ಕೆಲವರು ಫೋನ್ ನೋಡ್ಕೊಂಡು ತಿಂಗಳುಗಟ್ಟಲೆ ಕೆಗೆಲ್, ಅಂದ್ರೆ ಮೂತ್ರ ತಡೆಯೋ ಸ್ನಾಯುಗಳನ್ನ ಬಿಗಿದು ಬಿಡೋ ವ್ಯಾಯಾಮ, ಮಾಡಿದ್ದಾರೆ, ಆದ್ರೂ ಸೋರೋದು ನಿಂತಿಲ್ಲ. ಯಾಕೆ? ಇವತ್ತು ಇದೊಂದೇ ಪ್ರಶ್ನೆ.

ಅಂಗರಚನೆ ಬೇಗ ಮುಗಿಸ್ತೀನಿ. ಮುಂದೆ ಕಿಬ್ಬೊಟ್ಟೆ ಕೆಳಗಿನ ಪ್ಯೂಬಿಕ್ ಮೂಳೆಯಿಂದ ಹಿಂದೆ ಬಾಲದ ಮೂಳೆವರೆಗೆ, ಸೀರೆಯಲ್ಲಿ ಜೋಲಿ ಕಟ್ಟಿದ ಹಾಗೆ ಸ್ನಾಯುಗಳ ಪದರ ಇದೆ. ಅದೇ ಪೆಲ್ವಿಕ್ ಫ್ಲೋರ್. ಮೂತ್ರಚೀಲ, ಗರ್ಭಕೋಶ, ಮಲಾಶಯ ಮೂರಕ್ಕೂ ಅದೇ ಆಸರೆ.

ಈಗ ಪೈಪಿಗೆ ಬನ್ನಿ. ಮೆತ್ತನೆ ಪೈಪನ್ನ ಗಟ್ಟಿ ಬದುವಿನ ಮೇಲೆ ಹಾಕಿ ತುಳಿದ್ರೆ ಅಪ್ಪಚ್ಚಿಯಾಗಿ ನೀರು ನಿಲ್ಲುತ್ತೆ. ಅದೇ ಪೈಪನ್ನ ನಾಟಿಗೆ ಹದ ಮಾಡಿದ ಕೆಸರಲ್ಲಿ ಹಾಕಿ ಅಷ್ಟೇ ಜೋರಾಗಿ ತುಳೀರಿ. ಪೈಪು ಕೆಸರಲ್ಲಿ ಹೂತ್ಕೊಳ್ಳುತ್ತೆ, ನೀರು ಹರೀತಾನೇ ಇರುತ್ತೆ. ಕಾಲು ಅದೇ, ಭಾರ ಅದೇ, ನೆಲ ಮಾತ್ರ ಬೇರೆ. ನಮ್ಮ ದೇಹದಲ್ಲಿ ಕಾಲು ಅಂದ್ರೆ ಕೆಮ್ಮಿನ ಒತ್ತಡ, ಪೈಪು ಅಂದ್ರೆ ಮೂತ್ರನಾಳ, ಬದು ಅಂದ್ರೆ ಯೋನಿಯ ಮುಂಗೋಡೆ ಮತ್ತು ಅದನ್ನ ಹಿಡಿದಿರೋ ಪೆಲ್ವಿಕ್ ಫ್ಲೋರ್. ಅಮೆರಿಕದ ವೈದ್ಯ ಜಾನ್ ಡಿಲ್ಯಾನ್ಸಿ 1994ರಲ್ಲಿ ವಿವರಿಸಿದ್ದು ಇದನ್ನೇ. ಅವರ ಪೈಪು ಕೈತೋಟದಲ್ಲಿತ್ತು, ನಾನು ಗದ್ದೆಗೆ ತಂದೆ. ನನಗೆ ಈ ಹೋಲಿಕೆ ಯಾಕಿಷ್ಟು ಇಷ್ಟ ಅಂದ್ರೆ, ನೆಲ ಗಟ್ಟಿಯಿದ್ರೆ ಕೆಮ್ಮೇ ಪೈಪನ್ನ ಮುಚ್ಚುತ್ತೆ. ಆದ್ರೆ ಕಾಲು ಬೀಳೋಕೆ ಮುಂಚೆ ನೆಲ ಗಟ್ಟಿಯಾಗಿರಬೇಕು. ಕೆಗೆಲ್ ಫಲ ಕೊಡದೆ ಇರೋಕೆ ಎರಡು ಮುಖ್ಯ ಕಾರಣ ಇಲ್ಲೇ ಸಿಗುತ್ತೆ.

ಮೊದಲನೇದು, ತಪ್ಪು ದಿಕ್ಕು. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದಾಗ ಬರೀ ಬಾಯಿಮಾತಲ್ಲಿ ಹೇಳಿಕೊಡ್ತಿರಲಿಲ್ಲ, ಬಿಗಿತ ಅಳೆಯೋ ಸಾಧನ ಇಟ್ಟು ಕಲಿಸ್ತಿದ್ರು. 1991ರ ಒಂದು ಅಧ್ಯಯನದಲ್ಲಿ 47 ಹೆಂಗಸರಿಗೆ ಬಾಯಿಮಾತಲ್ಲಷ್ಟೇ ಹೇಳಿಕೊಟ್ಟು ನೋಡಿದ್ರು. ಸುಮಾರು ಅರ್ಧದಷ್ಟು ಜನ ಸರಿಯಾಗಿ ಮಾಡಿದ್ರು. ಕಾಲು ಭಾಗದಷ್ಟು ಜನ ಮಾಡಿದ ರೀತಿ ಸೋರಿಕೆನ ಹೆಚ್ಚಿಸೋ ಥರ ಇತ್ತು. ಮೇಲಕ್ಕೆ ಎಳೆಯೋ ಬದಲು ಕೆಳಕ್ಕೆ ಮುಕ್ಕಿದ್ರೆ ಹಾಗೇ ಆಗೋದು.

[ತೆರೆ: ಮಂಡಿ ಮಡಚಿ ಅಂಗಾತ ಮಲಗಿರೋ ಚಿತ್ರ]

ಸರಿಯಾದ ಕ್ರಮ ಹೀಗೆ. ಮಂಡಿ ಮಡಚಿ ಮಲಗಿ. ನಾಲ್ಕು ಜನರ ಮಧ್ಯೆ ಗ್ಯಾಸ್ ತಡ್ಕೊಳ್ಳೋ ಹಾಗೆ ಹಿಂದಿನಿಂದ ಬಿಗಿ ಮಾಡಿ, ಆ ಬಿಗಿತಾನ ಮುಂದಕ್ಕೆ ತಂದು ಒಳಕ್ಕೆ, ಮೇಲಕ್ಕೆ ಎಳೀರಿ. ಒಂದು ಸಲ ಕೈಗನ್ನಡಿ ಹಿಡಿದು ನೋಡಿ: ಯೋನಿಗೂ ಗುದಕ್ಕೂ ನಡುವಿನ ಜಾಗ ಒಳಗೆ ಹೋಗಬೇಕು. ಹೊರಗೆ ಉಬ್ಬಿದ್ರೆ ನೀವು ಮುಕ್ಕುತ್ತಿದ್ದೀರಿ, ನಿಲ್ಲಿಸಿ. ತೊಡೆ, ಪೃಷ್ಠ ಬಿಗಿಯಬಾರದು. ಉಸಿರು ಕಟ್ಟಬಾರದು, ಅದಕ್ಕೆ ಬಾಯಿಬಿಟ್ಟು ಎಣಿಸಿ. ಮೂರು ಸೆಕೆಂಡಷ್ಟೇ ಹಿಡಿಯೋಕಾದ್ರೆ ಮೂರೇ ಸಾಕು. ವಾರ ಕಳೆದ ಹಾಗೆ 8-10 ಸೆಕೆಂಡಿಗೆ ಏರಿಸಿ. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸುತ್ತಿಗೆ ಕನಿಷ್ಠ 8 ಸಲ, ದಿನಕ್ಕೆ 3 ಸುತ್ತು, ಪ್ರತಿ ಸುತ್ತಿನ ಕೊನೆಗೆ ಎಂಟು-ಹತ್ತು ಸಲ ಪಟಪಟ ಬಿಗಿದು ಬಿಡೋದು. ಕನಿಷ್ಠ 3 ತಿಂಗಳು ಬೇಕು. ಎರಡು ವಾರಕ್ಕೆ ಕೈಬಿಡಬೇಡಿ.

ಎರಡನೇದು, ಹೊತ್ತು ತಪ್ಪೋದು. ಬೆಳಿಗ್ಗೆ ಹಾಸಿಗೆ ಮೇಲೆ ಮಾಡಿ, ಮಧ್ಯಾಹ್ನ ಕೆಮ್ಮುವಾಗ ಮರೆತ್ರೆ ನೆಲ ಮತ್ತೆ ಕೆಸರೇ. ಕೆಮ್ಮು ಬರೋ ಸೂಚನೆ ಸಿಕ್ಕ ತಕ್ಷಣ ಬಿಗಿ ಮಾಡಿ, ಆಮೇಲೆ ಕೆಮ್ಮಿ. ಬಿಂದಿಗೆ ಎತ್ತೋಕೆ ಮುಂಚೆನೂ ಅಷ್ಟೇ: ಬಿಗಿ, ಉಸಿರು ಬಿಡ್ತಾ ಎತ್ತು. 1998ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರಿಗೆ ಇದೊಂದನ್ನೇ ಕಲಿಸಿ ಒಂದು ವಾರ ಬಿಟ್ಟು ಅಳೆದ್ರು. ಬಿಗಿ ಮಾಡ್ಕೊಂಡು ಕೆಮ್ಮಿದಾಗ, ಮಧ್ಯಮ ಕೆಮ್ಮಿಗೆ ಸೋರೋ ಪ್ರಮಾಣ ಸರಾಸರಿ 98% ತಗ್ಗಿತ್ತು, ಜೋರು ಕೆಮ್ಮಿಗೆ 73%. ಸ್ನಾಯು ಒಂದು ವಾರದಲ್ಲಿ ಬಲಿಯೋದಿಲ್ಲ. ಹೊತ್ತಿಗೆ ಸರಿಯಾಗಿ ಬಿಗಿದಿದ್ದಕ್ಕೇ ಇಷ್ಟು ಫಲ!

ಸಮಯ ಕಡಿಮೆ ಇದೆ, ಉಳಿದಿದ್ದನ್ನ ಒಟ್ಟಿಗೆ ಹೇಳ್ತೀನಿ. ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸೋದನ್ನ ವ್ಯಾಯಾಮ ಮಾಡ್ಕೋಬೇಡಿ, ಮೂತ್ರಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಬಾಣಂತಿಗೆ ನೀರು ಕಡಿಮೆ ಕೊಟ್ರೆ ಮಲಬದ್ಧತೆ, ಮುಕ್ಕಿ ಮುಕ್ಕಿ ಫ್ಲೋರ್ ಇನ್ನಷ್ಟು ಸಡಿಲ. ದಯವಿಟ್ಟು ನೀರು ಕೊಡಿ. ಕಮೋಡ್ ಬಳಸೋರು ಕಾಲ ಕೆಳಗೆ ಮಣೆ ಇಟ್ಕೊಳ್ಳಿ. ಸಂಭೋಗದಲ್ಲಿ ನೋವು, ಮೂತ್ರ ಶುರುವಾಗೋಕೇ ಕಷ್ಟ ಇದ್ರೆ ಸ್ನಾಯು ಅತಿಯಾಗಿ ಬಿಗಿದಿರಬಹುದು. ಅಂಥವರಿಗೆ ಕೆಗೆಲ್ ನೋವು ಹೆಚ್ಚಿಸಬಹುದು, ಮೊದಲು ಸಡಿಲಿಸೋದನ್ನ ಕಲೀಬೇಕು.

ಎಲ್ಲಿಗೆ ಹೋಗೋದು? ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ, ಅಥವಾ ಹತ್ತಿರದ ಸ್ತ್ರೀರೋಗ ವೈದ್ಯರು. 'ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಗೆ ಬರೆದುಕೊಡಿ' ಅಂತ ಬಾಯಿಬಿಟ್ಟು ಕೇಳಿ. ಫಿಸಿಯೋಥೆರಪಿಸ್ಟ್ ನಿಮ್ಮ ಒಪ್ಪಿಗೆ ತಗೊಂಡು, ಗ್ಲೌಸ್ ಹಾಕಿದ ಬೆರಳಿಂದ ಬಿಗಿತಾನ 0ಯಿಂದ 5ರವರೆಗೆ ಅಳೀತಾರೆ. ಮಹಿಳೆಯೇ ಬೇಕು ಅಂತ ಕೇಳಬಹುದು, ಬೇಡ ಅನ್ನಿಸಿದ್ರೆ ಯಾವ ಕ್ಷಣದಲ್ಲಾದ್ರೂ ನಿಲ್ಲಿಸಬಹುದು. ಮೂತ್ರದಲ್ಲಿ ರಕ್ತ ಕಂಡ್ರೆ ತಡಮಾಡದೆ ತೋರಿಸಿ. ತೊಡೆಸಂದು ಜೋಮು ಹಿಡಿದು ಮೂತ್ರ ಕಟ್ಟಿದ್ರೆ ಅವತ್ತೇ ತುರ್ತು ವಿಭಾಗಕ್ಕೆ ಹೋಗಿ.