ಹಳದಿ ತಟ್ಟೆ, ಕಪ್ಪು ತಟ್ಟೆ: ಹಾರ್ಡ್‌ಕೋರ್ ಪಂಕ್ ರೆಕಾರ್ಡ್‌ಗಳ ಬಣ್ಣದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಲೋಡೈ ಎಂಬ ಊರಿನ ಮಿಸ್‌ಫಿಟ್ಸ್ ತಂಡ 1979ರಲ್ಲಿ 'ಹಾರರ್ ಬಿಸಿನೆಸ್' ಎಂಬ ಏಳು ಇಂಚಿನ ರೆಕಾರ್ಡ್ ಹೊರತಂದಿತು. ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ ಕೂಡ ಅವರದ್ದೇ, ಹೆಸರು ಪ್ಲ್ಯಾನ್ 9. ಹಳದಿ ವಿನೈಲ್‌ನಲ್ಲಿ (ರೆಕಾರ್ಡ್ ಮಾಡುವ ಪ್ಲಾಸ್ಟಿಕ್) ಸುಮಾರು 2000 ಪ್ರತಿಗಳು ಬಂದವು. ಕಪ್ಪು ವಿನೈಲ್‌ನಲ್ಲಿ ಬಂದದ್ದು 25ರ ಆಸುಪಾಸು ಅಷ್ಟೇ. ಇದೇ ತಂಡದ 1978ರ 'ಬುಲೆಟ್' ರೆಕಾರ್ಡ್‌ನ ಕಥೆ ಬೇರೆ. ಅದರ ಮೊದಲ ಮುದ್ರಣದ 1000 ಪ್ರತಿಗಳು ಕಪ್ಪು, ಎರಡನೆಯ ಮುದ್ರಣದ 2000 ಪ್ರತಿಗಳು ಕೆಂಪು. ಒಂದರಲ್ಲಿ ಬಣ್ಣದ್ದು ಸಾಮಾನ್ಯ, ಕಪ್ಪು ಅಪರೂಪ. ಇನ್ನೊಂದರಲ್ಲಿ ಬಣ್ಣ ಬಂದದ್ದೇ ಎರಡನೇ ಸುತ್ತಿನಲ್ಲಿ. ಬಣ್ಣದ ತಟ್ಟೆ ಎಂದರೆ ಮೊದಲ ಮುದ್ರಣ, ಬಣ್ಣದ ತಟ್ಟೆ ಎಂದರೆ ಅಪರೂಪ ಎಂಬ ಎರಡು ನಂಬಿಕೆಗಳೂ ಇಲ್ಲೇ ಬಿದ್ದುಹೋಗುತ್ತವೆ. ಹಾರ್ಡ್‌ಕೋರ್ ಪಂಕ್ ರೆಕಾರ್ಡ್‌ಗಳ ಸಂಗ್ರಹಕ್ಕೆ ಇಳಿಯುವವರು ಬಣ್ಣ ನೋಡಿ ಮರುಳಾಗುವ ಮೊದಲು ತಟ್ಟೆಯನ್ನು ಓದಲು ಕಲಿಯಬೇಕು. ಇಂದು ಹೇಳಹೊರಟಿರುವುದು ಅದನ್ನೇ.

ಹಾರ್ಡ್‌ಕೋರ್ ಪಂಕ್ ಎಂದರೆ 1980ರ ಆಚೀಚೆ ವಾಷಿಂಗ್ಟನ್, ಲಾಸ್ ಏಂಜಲೀಸ್, ಬಾಸ್ಟನ್, ನ್ಯೂಯಾರ್ಕ್ ನಗರಗಳಲ್ಲಿ ಹದಿಹರೆಯದ ಹುಡುಗರು ಕಟ್ಟಿದ ಸಂಗೀತ. ಒಂದೊಂದು ಹಾಡು ಒಂದು, ಒಂದೂವರೆ ನಿಮಿಷ, ಅತಿ ವೇಗ, ಗಂಟಲು ಹರಿಯುವ ಹಾಡುಗಾರಿಕೆ. ದೊಡ್ಡ ಕಂಪನಿಗಳು ಇವರತ್ತ ತಿರುಗಿಯೂ ನೋಡಲಿಲ್ಲ, ಹಾಗಾಗಿ ರೆಕಾರ್ಡ್‌ಗಳನ್ನು ತಾವೇ ಮಾಡಿಸಿಕೊಂಡರು. ವಾಷಿಂಗ್ಟನ್ನಿನ ಡಿಸ್ಕಾರ್ಡ್ ಲೇಬಲ್ 1980ರಲ್ಲಿ ಹುಟ್ಟಿದ್ದು ಟೀನ್ ಐಡಲ್ಸ್ ತಂಡ ತನ್ನ ಕಾರ್ಯಕ್ರಮಗಳಿಂದ ಕೂಡಿಟ್ಟ ದುಡ್ಡಿನಿಂದ. ತಂಡ ಒಡೆದ ಮೇಲೆ ಆ ಹಣ ಹಂಚಿಕೊಳ್ಳುವ ಬದಲು ಎಂಟು ಹಾಡುಗಳ ಒಂದು ಏಳಿಂಚಿನ ತಟ್ಟೆಯ 1000 ಪ್ರತಿ ಮಾಡಿಸಿದರು. ಹೊದಿಕೆಯ ಕಾಗದ ಹಾಳೆಯಾಗಿಯೇ ಮುದ್ರಣಾಲಯದಿಂದ ಬಂತು. ಕತ್ತರಿಸಿ, ಮಡಚಿ, ಅಂಟು ಹಚ್ಚಿದ್ದು ತಂಡದವರು ಮತ್ತು ಅವರ ಗೆಳೆಯರು. ಇಂದಿಗೂ ಆ ಕಾಲದ ಹೊದಿಕೆಗಳ ಅಂಚನ್ನು ಹತ್ತಿರದಿಂದ ನೋಡಿದರೆ ಕತ್ತರಿ ಓಡಿದ ಸೊಟ್ಟ ಗೆರೆ, ಅಂಟು ಒಣಗಿ ಕಂದಾದ ಪಟ್ಟಿ ಕಾಣುತ್ತದೆ. ಯಂತ್ರ ಕತ್ತರಿಸಿದಷ್ಟು ನೇರವಾದ ಅಂಚು ಕಂಡರೆ ಅನುಮಾನಪಡಬೇಕಾದದ್ದು ಆಗಲೇ.

ಈಗ ಬಣ್ಣ ಎಲ್ಲಿಂದ ಬರುತ್ತದೆ ನೋಡೋಣ. ರೆಕಾರ್ಡ್‌ಗೆ ಬಳಸುವ ಪಿವಿಸಿ ಪ್ಲಾಸ್ಟಿಕ್‌ಗೆ ತನ್ನದೇ ಬಣ್ಣವೆಂಬುದು ಹೆಚ್ಚುಕಡಿಮೆ ಇಲ್ಲ. ಕಪ್ಪು ಬರುವುದು ಅದಕ್ಕೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯ ಪುಡಿಯಿಂದ. ಆ ಮಸಿಯ ಬದಲು ಬೇರೆ ಬಣ್ಣದ ಪುಡಿ ಬೆರೆಸಿದರೆ ಬಣ್ಣದ ತಟ್ಟೆ, ಏನೂ ಬೆರೆಸದಿದ್ದರೆ ಪಾರದರ್ಶಕ ತಟ್ಟೆ. ಸಣ್ಣ ಕಾಳುಗಳ ರೂಪದ ವಿನೈಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಮೆತ್ತಗಿನ ಉಂಡೆ ಮಾಡುತ್ತಾರೆ. ಚಪಾತಿ ಒತ್ತುವ ಯಂತ್ರದಲ್ಲಿ ಹಿಟ್ಟಿನ ಉಂಡೆ ಇಟ್ಟ ಹಾಗೆ ಅದನ್ನು ಎರಡು ಸ್ಟ್ಯಾಂಪರ್‌ಗಳ, ಅಂದರೆ ಲೋಹದ ಅಚ್ಚುಗಳ ನಡುವೆ ಇಟ್ಟು, ಮೇಲೆ ಕೆಳಗೆ ಹೆಸರಿನ ದುಂಡು ಕಾಗದ (ಇದನ್ನೂ ಲೇಬಲ್ ಎನ್ನುತ್ತಾರೆ) ಇರಿಸಿ, ಸುಮಾರು 100 ಟನ್ ಭಾರದಲ್ಲಿ ಒತ್ತುತ್ತಾರೆ. ಮೊದಲು ಹಬೆ, ಆಮೇಲೆ ತಣ್ಣೀರು. ಅರ್ಧ ನಿಮಿಷದಲ್ಲಿ ತಟ್ಟೆ ತಯಾರು. ಲೇಬಲ್ ಅಂಟಿನಿಂದ ಕೂರುವುದಲ್ಲ, ಒತ್ತಡದಲ್ಲಿ ಪ್ಲಾಸ್ಟಿಕ್‌ಗೆ ಬೆಸೆದುಕೊಳ್ಳುತ್ತದೆ. ಈ ಮಾತು ನೆನಪಿನಲ್ಲಿರಲಿ, ನಕಲಿ ಬಣ್ಣ ಹಿಡಿಯಲು ಬೇಕಾಗುತ್ತದೆ.

ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರದ ಒಡಲಲ್ಲಿ ಹಳೆಯ ವಿನೈಲ್ ಉಳಿದಿರುತ್ತದೆ. ಹಾಗಾಗಿ ಮೊದಲ ಕೆಲವು ತಟ್ಟೆಗಳಲ್ಲಿ ಎರಡೂ ಬಣ್ಣ ಕಲಸಿಕೊಂಡು ಗೆರೆಗೆರೆಯಾಗಿ ಬರುತ್ತವೆ. ಕೆಲವು ಕಾರ್ಖಾನೆಗಳು ಅವನ್ನು ಎಸೆಯುತ್ತಿದ್ದವು, ಕೆಲವು ಉಳಿದವುಗಳ ಜೊತೆಯಲ್ಲೇ ಪೆಟ್ಟಿಗೆಗೆ ಹಾಕುತ್ತಿದ್ದವು. ಇಂಥವನ್ನು ಪ್ರತ್ಯೇಕ ಬಣ್ಣದ ಮುದ್ರಣವೆಂದು ಮಾರುವವರಿದ್ದಾರೆ. ಅದು ಸರಿಯಲ್ಲ; ಅದು ಯಂತ್ರ ಬಣ್ಣ ಬದಲಿಸಿದ ಹೊತ್ತಿನ ಗುರುತು, ಲೇಬಲ್‌ನವರು ಹೇಳಿ ಮಾಡಿಸಿದ ಬಣ್ಣವಲ್ಲ. ಸಂಖ್ಯೆಯ ಬಗ್ಗೆಯೂ ಒಂದು ಮಾತು. 500 ಪ್ರತಿಗೆ ಆರ್ಡರ್ ಕೊಟ್ಟರೆ ಕಾರ್ಖಾನೆಯಿಂದ ನಿಖರವಾಗಿ 500 ಬರುವುದಿಲ್ಲ. ಶೇಕಡಾ 10ರಷ್ಟು ಹೆಚ್ಚು ಕಡಿಮೆ ಆಗುವುದು ಆ ಉದ್ಯಮದ ರೂಢಿ. ಕೈಯಿಂದ ನಂಬರ್ ಹಾಕಿದ ಪ್ರತಿಗಳನ್ನು ಬಿಟ್ಟರೆ, ಹೇಳುವ ಸಂಖ್ಯೆಗಳೆಲ್ಲ ಅಂದಾಜು ಎಂದೇ ತಿಳಿಯಬೇಕು.

ಬಣ್ಣದ ಹುಚ್ಚು ನಿಜವಾಗಿ ಏರಿದ್ದು 1980ರ ದಶಕದ ಕೊನೆಗೆ. ಕನೆಕ್ಟಿಕಟ್‌ನ ನ್ಯೂಹೇವನ್‌ನಲ್ಲಿ ರೇ ಕ್ಯಾಪೊ ಮತ್ತು ಜೋರ್ಡನ್ ಕೂಪರ್ 1987ರಲ್ಲಿ ಆರಂಭಿಸಿದ ರೆವೆಲೇಶನ್ ಲೇಬಲ್, ವಾರ್‌ಝೋನ್, ಗೊರಿಲ್ಲಾ ಬಿಸ್ಕಿಟ್ಸ್, ಚೈನ್ ಆಫ್ ಸ್ಟ್ರೆಂತ್‌ನಂಥ ತಂಡಗಳ ರೆಕಾರ್ಡ್‌ಗಳನ್ನು ತಂದಿತು. ಒಂದೇ ರೆಕಾರ್ಡ್ ಹಲವು ಬಣ್ಣಗಳಲ್ಲಿ ಬಂದು, ಬಣ್ಣವೇ ಮುದ್ರಣದ ಗುರುತಾದದ್ದು ಇಂಥ ಲೇಬಲ್‌ಗಳಿಂದ. ಆ ಲೇಬಲ್‌ನ ಅತ್ಯಂತ ಪ್ರಸಿದ್ಧ ಅಪರೂಪದ ತಟ್ಟೆ ನ್ಯೂಯಾರ್ಕಿನ ಜಡ್ಜ್ ತಂಡದ್ದು. ಚುಂಗ್ ಕಿಂಗ್ ಸ್ಟುಡಿಯೋದಲ್ಲಿ ಮಾಡಿದ ಧ್ವನಿಮುದ್ರಣ ತಂಡಕ್ಕೆ ಹಿಡಿಸಲಿಲ್ಲ. ಇಡೀ ಆಲ್ಬಮ್ಮನ್ನು ಬೇರೆ ಕಡೆ ಮತ್ತೆ ಧ್ವನಿಮುದ್ರಿಸಿ 1989ರಲ್ಲಿ 'ಬ್ರಿಂಗಿನ್ ಇಟ್ ಡೌನ್' ಎಂದು ಬಿಡುಗಡೆ ಮಾಡಿದರು. ತಿರಸ್ಕರಿಸಿದ ಧ್ವನಿಮುದ್ರಣವನ್ನು ಸುಮಾರು 110 ಬಿಳಿ ತಟ್ಟೆಗಳಲ್ಲಿ ಒತ್ತಿಸಿ, ಅಂಚೆಯ ಮೂಲಕ ಮುಂಗಡ ಹಣ ಕಳಿಸಿ ಕಾಯುತ್ತಿದ್ದವರಿಗೆ ಕೊಟ್ಟರು. ಸಂಗ್ರಾಹಕರು ಅದನ್ನು 'ಚುಂಗ್ ಕಿಂಗ್' ಎಂದೇ ಕರೆಯುತ್ತಾರೆ. ಆ ಹಾಡುಗಳು ಮುಂದೆ ತಂಡದ ಸಮಗ್ರ ಸಂಗ್ರಹದಲ್ಲಿ ಎಲ್ಲರಿಗೂ ಸಿಕ್ಕವು, ಆದರೂ ಆ ಬಿಳಿ ತಟ್ಟೆಯ ಬೆಲೆ ಇಳಿಯಲಿಲ್ಲ. ಇದು ನ್ಯಾಯವೇ. ಅಲ್ಲಿ ಬಣ್ಣಕ್ಕೆ ಒಂದು ಕಾರಣವಿತ್ತು, ಒಂದು ಘಟನೆಯಿತ್ತು. ಇಂದು ಒಂದೇ ಆಲ್ಬಮ್ಮನ್ನು ಹತ್ತಾರು ಬಣ್ಣಗಳಲ್ಲಿ ಹೊಸದಾಗಿ ಒತ್ತಿಸಿ ಎಲ್ಲದಕ್ಕೂ 'ಸೀಮಿತ ಆವೃತ್ತಿ' ಎಂದು ಚೀಟಿ ಅಂಟಿಸುತ್ತಾರಲ್ಲ, ಅದಕ್ಕೆ ಈ ಬೆಲೆ ಎಂದೂ ಬಾರದು.

ತಟ್ಟೆ ಓದುವುದು ಹೇಗೆ? ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಒಂದು ನುಣುಪಾದ ಪಟ್ಟಿ ಇರುತ್ತದೆ. ರನ್‌ಔಟ್ ಎನ್ನುತ್ತಾರೆ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪಕ್ಕದಿಂದ, ತಟ್ಟೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣದು. ತಟ್ಟೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾ ಕಾಣುವ ಪ್ರತಿ ಅಕ್ಷರ, ಪ್ರತಿ ಗೀಟನ್ನೂ ಬರೆದುಕೊಳ್ಳಿ. ಸೂಜಿಯಿಂದ ಕೈಯಲ್ಲಿ ಗೀಚಿದ್ದು ಯಾವುದು, ಅಚ್ಚಿನಿಂದ ಒತ್ತಿದ್ದು ಯಾವುದು ಎಂದು ಬೇರೆಬೇರೆಯಾಗಿ ಬರೆಯಿರಿ. ಎರಡೂ ಬದಿ ನೋಡಲೇಬೇಕು. ನ್ಯಾಶ್‌ವಿಲ್‌ನ ಯುನೈಟೆಡ್ ಕಾರ್ಖಾನೆಯ ತಟ್ಟೆಗಳಲ್ಲಿ ಯು ಅಕ್ಷರದಿಂದ ಶುರುವಾಗಿ ಎಂ ಅಕ್ಷರದಲ್ಲಿ ಮುಗಿಯುವ ಸಂಖ್ಯೆ ಇರುತ್ತದೆ. ಕ್ಯಾಲಿಫೋರ್ನಿಯಾದ ರೇನ್‌ಬೋ ಕಾರ್ಖಾನೆಯದ್ದಾದರೆ ಎಸ್ ಅಕ್ಷರದ ಸಂಖ್ಯೆ. 1982ರದ್ದೆಂದು ಹೇಳುವ ಅಮೆರಿಕದ ತಟ್ಟೆಯಲ್ಲಿ ಚೆಕ್ ದೇಶದ ಜಿಝಡ್ ಕಾರ್ಖಾನೆಯ ಮಾದರಿಯ ಸಂಖ್ಯೆ ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಬರೆದುಕೊಂಡದ್ದನ್ನು ಡಿಸ್ಕಾಗ್ಸ್ ಎಂಬ ರೆಕಾರ್ಡ್ ಜಾಲತಾಣದ ಪಟ್ಟಿಯಲ್ಲಿ ಅಕ್ಷರಕ್ಕೆ ಅಕ್ಷರ ಹೋಲಿಸಿ.

ಆದರೆ ರನ್‌ಔಟ್ ಒಂದನ್ನೇ ನಂಬುವಂತಿಲ್ಲ. ಕಪ್ಪು ಪ್ರತಿ, ಬಣ್ಣದ ಪ್ರತಿ ಎರಡೂ ಒಂದೇ ಸ್ಟ್ಯಾಂಪರ್‌ನಿಂದ ಬಂದಿರಬಹುದು. ಹತ್ತು ವರ್ಷದ ನಂತರದ ಮರುಮುದ್ರಣಕ್ಕೂ ಹಳೆಯ ಲೋಹದ ಅಚ್ಚನ್ನೇ ಬಳಸಿರಬಹುದು. ಆಗ ಕೈಹಿಡಿಯುವುದು ಕಾಗದ. ರೆವೆಲೇಶನ್ ಮುಂದೆ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್‌ಗೆ ಹೋಯಿತು. ಹಾಗಾಗಿ ಹೊದಿಕೆಯಲ್ಲಿ ನ್ಯೂಹೇವನ್ ವಿಳಾಸ ಇದ್ದರೆ ಹಳೆಯದು, ಹಂಟಿಂಗ್ಟನ್ ಬೀಚ್ ಇದ್ದರೆ ನಂತರದ್ದು. ಅಂಚೆ ವೆಚ್ಚ ಸೇರಿ ಇಷ್ಟು ಡಾಲರ್ ಎಂದು ಹಿಂಬದಿಯಲ್ಲಿ ಅಚ್ಚಾಗಿದ್ದರೆ ಆ ಬೆಲೆ ನೋಡಿ, ಮುದ್ರಣ ಹೊಸದಾದಷ್ಟೂ ಬೆಲೆ ಏರಿರುತ್ತದೆ. 1980ರ ದಶಕದ ಆರಂಭದ ಸ್ವತಂತ್ರ ರೆಕಾರ್ಡ್‌ಗಳಲ್ಲಿ ಬಾರ್‌ಕೋಡ್ ಸಾಮಾನ್ಯವಾಗಿ ಸಿಗದು. ಬಾರ್‌ಕೋಡ್ ಇದ್ದರೆ ಅದು ಬಹುಮಟ್ಟಿಗೆ ಮರುಮುದ್ರಣ. ಒಳಗಿನ ಸಾಹಿತ್ಯದ ಹಾಳೆ ಇಲ್ಲದ ಪ್ರತಿಗೆ ಪೂರ್ತಿ ಬೆಲೆ ಕೊಡಬೇಡಿ.

ನಕಲಿಗಳ ಹಾವಳಿ ಈ ಕ್ಷೇತ್ರದಲ್ಲಿ ವಿಪರೀತ. ಮೂಲದಲ್ಲಿ ಇಲ್ಲದ ಬಣ್ಣವೇ ಮೊದಲ ಸುಳಿವು. ಹಸಿರೋ ನೀಲಿಯೋ ಆದ 'ಹಾರರ್ ಬಿಸಿನೆಸ್' ಕಂಡರೆ ನಕಲಿ ಎಂದೇ ಎಣಿಸಿ. ಎರಡನೆಯದು ಹೊದಿಕೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಚಿತ್ರ ನೋಡಿ. ಮೂಲದಲ್ಲಿ ಚುಕ್ಕಿಗಳು ಒಪ್ಪವಾಗಿ ಸಾಲು ನಿಂತಿರುತ್ತವೆ. ಅಚ್ಚಾದ ಹೊದಿಕೆಯನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದಾಗ ಚುಕ್ಕಿಯ ಮೇಲೆ ಚುಕ್ಕಿ ಕೂತು ಅಲೆಅಲೆಯಾದ ವಿನ್ಯಾಸ ಮೂಡುತ್ತದೆ, ಸಣ್ಣ ಅಕ್ಷರಗಳ ಹೊಟ್ಟೆ ತುಂಬಿಕೊಂಡಿರುತ್ತದೆ. ಲೇಸರ್ ಪ್ರಿಂಟರ್‌ನದ್ದಾದರೆ ಮಡಿಕೆಯ ಗೆರೆಯಲ್ಲಿ ಶಾಯಿ ಸಿಪ್ಪೆಯಂತೆ ಒಡೆದಿರುತ್ತದೆ. ಮೂರನೆಯದು ಬಣ್ಣ ಹಾಕಿದ ತಟ್ಟೆ. ಪಾರದರ್ಶಕ ತಟ್ಟೆಯನ್ನು ಬಟ್ಟೆಯ ಬಣ್ಣದಲ್ಲಿ ಅದ್ದಿ ಬೇರೆ ಬಣ್ಣ ಬರಿಸಲು ಸಾಧ್ಯ. ಲೇಬಲ್ ಪ್ಲಾಸ್ಟಿಕ್‌ಗೆ ಬೆಸೆದಿರುವುದರಿಂದ ಆ ಬಣ್ಣ ಲೇಬಲ್‌ನ ಅಡಿಗೆ ಇಳಿಯದು. ನಡುವಿನ ತೂತಿನ ಒಳಗೋಡೆ, ಲೇಬಲ್‌ನ ಅಂಚು, ತಟ್ಟೆಯ ಹೊರ ಅಂಚು ಈ ಮೂರು ಕಡೆ ಬಣ್ಣ ಒಂದೇ ಸಮ ಇದೆಯೇ ನೋಡಿ. ಲೇಬಲ್ ಕಾಗದದ ಅಂಚಿಗೆ ಬಣ್ಣ ಹೀರಿಕೊಂಡಿದ್ದರೆ ಅದು ಕೈಕೆಲಸ.

ದೂರದಿಂದ ಕೊಳ್ಳುವವರಿಗೆ ಫೋಟೋದೇ ದೊಡ್ಡ ಮೋಸ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರದಲ್ಲಿ ಕಡು ನೇರಳೆ ಕಪ್ಪಾಗಿ ಕಾಣುತ್ತದೆ. ಹಳದಿ ದೀಪದಲ್ಲಿ ಪಾರದರ್ಶಕ ತಟ್ಟೆ ಹಳದಿಯಾಗುತ್ತದೆ. ಮಾರುವವರಿಂದ ಎರಡು ಚಿತ್ರ ಕೇಳಿ: ಒಂದು ಬೆಳಗಿನ ಬೆಳಕಿನಲ್ಲಿ ಬಿಳಿ ಹಾಳೆಯ ಮೇಲಿಟ್ಟದ್ದು, ಇನ್ನೊಂದು ತಟ್ಟೆಯ ಹಿಂದಿನಿಂದ ಬೆಳಕು ಬಿಟ್ಟದ್ದು. ಗೀರುಗಳ ವಿಷಯದಲ್ಲಿ ಬಿಳಿ ಮತ್ತು ಪಾರದರ್ಶಕ ತಟ್ಟೆಗಳು ತುಂಬ ಕಷ್ಟ. ಕಪ್ಪಿನ ಮೇಲೆ ಎದ್ದು ಕಾಣುವ ಗೀರು ಇವುಗಳ ಚಿತ್ರದಲ್ಲಿ ಮಾಯವಾಗಿರುತ್ತದೆ. ಹಾಗಾಗಿ ತಟ್ಟೆಯ ಸ್ಥಿತಿಗೆ ಕಣ್ಣಳತೆಯಲ್ಲಿ ಕೊಟ್ಟ ದರ್ಜೆ ಸಾಲದು, ನುಡಿಸಿ ಕೇಳಿ ದರ್ಜೆ ಹೇಳಿ ಎಂದು ಒತ್ತಾಯಿಸಿ. ತಟ್ಟೆಗೆ ಒಂದು ದರ್ಜೆ, ಹೊದಿಕೆಗೆ ಒಂದು ದರ್ಜೆ ಬೇರೆಬೇರೆ ಇರಲೇಬೇಕು.

ಕಳಿಸುವಾಗ ತಟ್ಟೆಯನ್ನು ಹೊದಿಕೆಯಿಂದ ಹೊರತೆಗೆದು, ಒಳಚೀಲದಲ್ಲಿ ಹಾಕಿ, ಹೊದಿಕೆಯ ಹಿಂದೆ ಇಡಲು ಹೇಳಿ. ಒಳಗೇ ಬಿಟ್ಟರೆ ದಾರಿಯಲ್ಲಿ ಪೆಟ್ಟು ಬಿದ್ದಾಗ ತಟ್ಟೆಯ ಅಂಚು ಹೊದಿಕೆಯ ಅಂಟಿಸಿದ ಅಂಚನ್ನು ಸೀಳುತ್ತದೆ. ಕೈಯಲ್ಲಿ ಅಂಟಿಸಿದ ನಲವತ್ತು ವರ್ಷದ ಕಾಗದಕ್ಕೆ ಅಷ್ಟು ಸಾಕು. ಎರಡು ಬದಿಗೂ ರಟ್ಟು ಇರಲಿ, ಒಂದರ ಒಳಗಿನ ಮಡಿಕೆಸಾಲು ಅಡ್ಡ, ಇನ್ನೊಂದರದ್ದು ಉದ್ದ. ಕರ್ನಾಟಕಕ್ಕೆ ತರಿಸುವವರು ಸುಂಕ ಮತ್ತು ಅಂಚೆ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಏಳಿಂಚಿನ ತಟ್ಟೆಯ ತೂಕ ಸುಮಾರು 40 ಗ್ರಾಂ, ಹನ್ನೆರಡಿಂಚಿನದ್ದು 120ರಿಂದ 140 ಗ್ರಾಂ. ಮೂರ್ನಾಲ್ಕು ಏಳಿಂಚಿನವನ್ನು ಒಟ್ಟಿಗೆ ತರಿಸುವುದು ಲಾಭ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಹಳೆಯ ಮೆತ್ತನೆ ಪಿವಿಸಿ ಚೀಲವನ್ನು ಎಸೆಯುವುದು. ಆ ಚೀಲವನ್ನು ಮೃದುವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಹೊರಸೂಸಿ, ತಟ್ಟೆಯ ಮೇಲೆ ಮಂಜು ಕವಿದಂಥ ಬಿಳಿ ಕಲೆ ಬಿಡುತ್ತದೆ. ಇದು ಎಷ್ಟು ತೊಳೆದರೂ ಹೋಗದು, ನುಡಿಸಿದಾಗ ಸರಸರ ಸದ್ದು ಕೊಡುತ್ತದೆ. ಒಳಗೆ ಪಾಲಿಎಥಿಲೀನ್, ಹೊರಗೆ ಪಾಲಿಪ್ರೊಪಿಲೀನ್ ಚೀಲ ಬಳಸಿ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಓರೆಯಾಗಿ ಒರಗಿಸಬೇಡಿ, ಒಂದರ ಮೇಲೊಂದು ಪೇರಿಸಬೇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಬೂಸ್ಟು ಬರುವುದು ವಿನೈಲ್‌ಗಿಂತ ಮೊದಲು ಹೊದಿಕೆಯ ಕಾಗದಕ್ಕೆ. ಗೋಡೆಗೆ ತಾಗದಂತೆ ಕಪಾಟು ಇಟ್ಟು, ಸಿಲಿಕಾ ಜೆಲ್ ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿರಬೇಕು. ಒಳನಾಡಿನವರಿಗೆ ಬಿಸಿಲಿನ ಚಿಂತೆ: ಏಪ್ರಿಲ್ ಮಧ್ಯಾಹ್ನ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆ ಬಿಟ್ಟರೂ ತಟ್ಟೆ ಸೊಟ್ಟಗಾಗಬಹುದು.

ತೊಳೆಯಲು ಒಂದು ಲೀಟರ್ ಡಿಸ್ಟಿಲ್ಡ್ ನೀರು, ಅದಕ್ಕೆ ಸುಮಾರು 100 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್, ಸುವಾಸನೆಯಿಲ್ಲದ ದ್ರವ ಮಾರ್ಜಕ ಎರಡು ಮೂರು ಹನಿ. ಕೊಳವೆಬಾವಿಯ ನೀರು ಬೇಡ, ಅದರ ಸುಣ್ಣ ಗೆರೆಗಳಲ್ಲಿ ಕೂತು ಸದ್ದು ಮಾಡುತ್ತದೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಯ ದಿಕ್ಕಿನಲ್ಲೇ, ಸುತ್ತಲೂ ಒರೆಸಿ. ಲೇಬಲ್‌ಗೆ ಹನಿ ತಾಗದಿರಲಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು ನೆಟ್ಟಗೆ ನಿಲ್ಲಿಸಿ ಆರಿಸಿ. ಮನೆಯಲ್ಲಿ ಅಜ್ಜನ ಕಾಲದ 78 ವೇಗದ ಗ್ರಾಮಫೋನ್ ಪ್ಲೇಟುಗಳಿದ್ದರೆ ಅವಕ್ಕೆ ಮಾತ್ರ ಈ ದ್ರಾವಣ ಖಂಡಿತ ಬೇಡ. ಅವು ಅರಗಿನಿಂದ ಮಾಡಿದವು. ಆಲ್ಕೋಹಾಲ್ ತಾಗಿದರೆ ಅರಗು ಕರಗಿ ಹಾಡು ಅಳಿಸಿಹೋಗುತ್ತದೆ. ಅವನ್ನು ಬೇರೆ ಬಟ್ಟೆ, ಬರೀ ಡಿಸ್ಟಿಲ್ಡ್ ನೀರು ಮತ್ತು ಮಾರ್ಜಕದ ಹನಿಯಲ್ಲಿ ಒರೆಸಿ, ತಕ್ಷಣ ಒಣಗಿಸಿ.