ಕುಂಬಾರ ಕಪ್ಪೆಯೂ ಕತ್ತಲೆಕಾನಿನ ಜಡ್ಡಿಯೂ

[ದೃಶ್ಯ: ಮಳೆಗಾಲದ ರಾತ್ರಿ. ಟಾರ್ಚಿನ ಬೆಳಕಿನಲ್ಲಿ ಹಳ್ಳದ ದಂಡೆ. ‘ಟೊಕ್, ಟೊಕ್’ ಎಂಬ ಕೂಗು.]

ನಿರೂಪಣೆ: ನಮಸ್ಕಾರ. ಬಾಗಿಲು ತಟ್ಟಿದಂತೆ ಕೇಳಿಸುವ ಈ ಸದ್ದು ಒಂದು ಗಂಡು ಕಪ್ಪೆಯದು. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳಗಳಲ್ಲಿ ಇದು ವಾಸಿಸುತ್ತದೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿ, ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಕನ್ನಡದ ಕಸುಬಿನ ಹೆಸರೊಂದು ಹೀಗೆ ವಿಜ್ಞಾನದ ದಾಖಲೆ ಸೇರಿತು.

[ದೃಶ್ಯ: ನೀರಿನ ಮೇಲೆ ಚಾಚಿದ ಕಡ್ಡಿ, ಅದಕ್ಕೆ ಅಂಟಿದ ಮೊಟ್ಟೆಗಳು, ಪಕ್ಕದಲ್ಲಿ ಗಂಡು ಕಪ್ಪೆ.]

ಹೆಣ್ಣು ಮುಂಗಾಲೂರಿ ತಲೆಕೆಳಗಾಗಿ ನಿಂತು, ನೀರಿನ ಮೇಲಿರುವ ಕಡ್ಡಿಗೋ ತೊಗಟೆಗೋ ಮೊಟ್ಟೆಗಳನ್ನು ಅಂಟಿಸಿ ಹೊರಟುಹೋಗುತ್ತದೆ. ಆಮೇಲಿನದು ಗಂಡಿನ ಕೆಲಸ: ಅದು ಹಿಂಗಾಲುಗಳ ಮೇಲೆ ಎದ್ದುನಿಂತು, ಹಳ್ಳದ ತಳದ ಕೆಸರನ್ನು ಮುಂಗಾಲುಗಳಲ್ಲಿ ಬಾಚಿಕೊಂಡು, ಮೊಟ್ಟೆಗಳಿಗೆ ಮತ್ತೆ ಮತ್ತೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ತಿನ್ನುವ ಜೀವಿಗಳ ಕಣ್ಣಿಗೆ ಬೀಳದಿರಲಿ ಎಂಬುದಕ್ಕೆ ಈ ಮಣ್ಣಿನ ಲೇಪ ಇರಬಹುದೆಂಬುದು ಸಂಶೋಧಕರ ಊಹೆ. ಮರಿಗಳು ಹೊರಬಂದು ಕೆಳಗಿನ ನೀರಿಗೆ ಬೀಳುತ್ತವೆ. ಬೀಳಲು ಅಲ್ಲಿ ನೀರಿರಬೇಕು, ಅಷ್ಟೆ.

[ದೃಶ್ಯ: ಕೆಸರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದ ಬೇರುಗಳು.]

ಆ ‘ಅಷ್ಟೆ’ಯೇ ದೊಡ್ಡ ಮಾತು. ಕತ್ತಲೆಕಾನಿನ ಹಳ್ಳಗಳ ಇಕ್ಕೆಲದಲ್ಲಿ ರಾಮಪತ್ರೆಯ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಕಾಡುಗಳು. ಉಸಿರಾಡಲು ಬೇರುಗಳನ್ನೇ ಕೆಸರಿನಿಂದ ಹೊರಗೆ ಚಾಚುವ ಇಲ್ಲಿನ ಮರಗಳು, ದಟ್ಟ ನೆರಳಿನಿಂದ ಹಳ್ಳವನ್ನು ತಂಪಾಗಿಡುತ್ತವೆ. ಚರ್ಮದ ಮೂಲಕವೂ ಉಸಿರಾಡುವ ಕಪ್ಪೆಗೆ ಈ ತಂಪು ಮತ್ತು ತೇವ ಅನಿವಾರ್ಯ. ಕಣಿವೆಯ ಇಂಥ ಫಲವತ್ತಾದ ನೆಲವೇ ಗದ್ದೆಗೂ ಅಡಿಕೆ ತೋಟಕ್ಕೂ ಒಗ್ಗುವುದರಿಂದ, ಪಶ್ಚಿಮ ಘಟ್ಟದ ಜಡ್ಡಿಗಳು ಇಂದು ಚೂರುಚೂರಾಗಿ ಮಾತ್ರ ಉಳಿದಿವೆ.

[ದೃಶ್ಯ: ಕರ್ನಾಟಕದ ನಕ್ಷೆ, ನಾಲ್ಕು ಗುರುತುಗಳು.]

ರಾಜ್ಯದ ರಾಮ್ಸಾರ್ ತಾಣಗಳೆಂದರೆ, ಅಂದರೆ ಅಂತರರಾಷ್ಟ್ರೀಯ ಮಹತ್ವದವೆಂದು ಗುರುತಿಸಲಾದ ಜೌಗು ನೆಲೆಗಳೆಂದರೆ, ರಂಗನತಿಟ್ಟು, ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ. ಹಕ್ಕಿಗಳ ನೆಲೆಯೆಂದು ಇವುಗಳಲ್ಲಿ ಹೆಚ್ಚಿನವು ಹೆಸರಾಗಿವೆ. ಅದು ಸರಿಯೇ, ಆದರೆ ಉಭಯಚರಗಳ ಲೆಕ್ಕವೇ ಬೇರೆ. 2023ರ ಜಾಗತಿಕ ಮೌಲ್ಯಮಾಪನದ ಪ್ರಕಾರ ಶೇ. 41ರಷ್ಟು ಉಭಯಚರ ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ, ಮತ್ತು ಅವುಗಳಲ್ಲಿ ಅನೇಕವು ದಾಟಿಬಿಡಬಹುದಾದಷ್ಟು ಕಿರಿದಾದ ಹಳ್ಳಗಳನ್ನೇ ನಂಬಿವೆ. ಹಾಗಾಗಿ ಕತ್ತಲೆಕಾನಿನಂಥ ಕಡೆ ರಾತ್ರಿ ಕೂಗು ಕೇಳಿ ಕಪ್ಪೆ ಎಣಿಸುವವರು ಹಳ್ಳದ ಅಗಲ, ನೀರಿನ ಉಷ್ಣತೆ ಮತ್ತು ತಲೆಯ ಮೇಲಿನ ಎಲೆಚಪ್ಪರದ ದಟ್ಟಣೆಯನ್ನೂ ಜೊತೆಗೇ ಬರೆದುಕೊಳ್ಳುತ್ತಾರೆ.