.22 ತೋಟಾ: ಬೇಕಾದ ಹೊತ್ತಿಗೆ ಹೊತ್ತಿಕೊಳ್ಳುತ್ತಾ?

ನಮಸ್ಕಾರ. ಇಶಾಪುರದ ರೈಫಲ್ ಫ್ಯಾಕ್ಟರಿಯ 'ನಿಡರ್' ರಿವಾಲ್ವರ್ ಬಗ್ಗೆ ಮಾತಾಡಿದಾಗಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಗನ್ನಿನ ತೂಕ ಸುಮಾರು 250 ಗ್ರಾಂ, ಹಾಕುವುದು .22 ತೋಟಾ, ಅಂದರೆ ಗುಂಡಿನ ಅಡ್ಡಳತೆ ಸುಮಾರು 0.22 ಇಂಚು. ಇಷ್ಟು ಚಿಕ್ಕ ಗುಂಡು ಆತ್ಮರಕ್ಷಣೆಗೆ ಸಾಕಾ?

ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಟ್ರಿಗರ್ ಒತ್ತಿದಾಗ ಆ ತೋಟಾ ಹಾರುತ್ತಾ?

[ಕ್ಲೋಸ್‌ಅಪ್: ಅಂಗೈ ಮೇಲೆ ಎರಡು ಖಾಲಿ ತೋಟಾ]

ಇದು 9 ಎಂಎಂ. ಹಿಂಬದಿಯ ನಡುವೆ ಪುಟ್ಟ ಬಟ್ಟಲು ಕಾಣುತ್ತಲ್ವಾ, ಅದೇ ಕೇಪು, ಕಿಡಿ ಹುಟ್ಟುವ ಜಾಗ. ಟ್ರಿಗರ್ ಒತ್ತಿದಾಗ ಗನ್ನಿನ ಪಿನ್ ಹೊಡೆಯುವುದು ಅಲ್ಲಿಗೆ. ಈಗ .22 ನೋಡಿ, ನಡುವೆ ಏನೂ ಇಲ್ಲ, ಅಂಚಿನಲ್ಲಿ ಮಾತ್ರ ಉಗುರಲ್ಲಿ ಒತ್ತಿದಂಥ ಒಂದು ಗುರುತು. ಕಿಡಿ ಹುಟ್ಟಿಸುವ ಮದ್ದು ಇರುವುದೇ ಆ ಅಂಚಿನ ಒಳಗೆ. ರಿಮ್ ಅಂದರೆ ಅಂಚು, ಅದಕ್ಕೇ ಇದು ರಿಮ್‌ಫೈರ್. ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ 1857ರಲ್ಲಿ .22 ಶಾರ್ಟ್ ಅನ್ನುವ ತೋಟಾ ತಂದಿತು, ಈಗಿನ .22 ಲಾಂಗ್ ರೈಫಲ್ ಅನ್ನುವ ತೋಟಾ ಬಂದಿದ್ದು 1887ರಲ್ಲಿ. ಇತಿಹಾಸ ಇಷ್ಟು ಸಾಕು.

ಆ ಸಣ್ಣ ಅಂಚಿನೊಳಗೆ ಮದ್ದು ತುಂಬುವುದು ಹೇಗೆ? ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗಿದ್ದು ಇದೇ. ಒದ್ದೆ ಮದ್ದನ್ನು ಒಂದು ಚಿಟಿಕೆಯಷ್ಟು ಖಾಲಿ ತೋಟಾದ ತಳಕ್ಕೆ ಹಾಕಿ ಗಿರ್ರನೆ ತಿರುಗಿಸುತ್ತಾರೆ, ಅದು ತಾನಾಗಿ ಅಂಚಿಗೆ ಹೋಗಿ ಸೇರುತ್ತದೆ. ಮಿಕ್ಸಿಗೆ ಒಂದೇ ಹಿಡಿ ಕಾಯಿ ಹಾಕಿ ಚಟ್ನಿ ರುಬ್ಬಿ ನೋಡಿ. ಎಲ್ಲಾ ಜಾರಿನ ಗೋಡೆಗೆ ಹೋಗಿ ಅಂಟಿಕೊಂಡು ನಡುವೆ ಬ್ಲೇಡು ಸುಮ್ನೆ ತಿರುಗುತ್ತಿರುತ್ತದೆ. ಮುಚ್ಚಳ ತೆಗೆದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸ್ಟೀಲೇ ಕಾಣುತ್ತದೆ. ನಾವಾದರೆ ಚಮಚದಲ್ಲಿ ಕೆರೆದು ಮತ್ತೆ ರುಬ್ಬುತ್ತೇವೆ. ತೋಟಾ ಒಳಗೆ ಕೆರೆಯುವವರು ಯಾರು? ಮದ್ದು ಕೂರದ ಜಾಗಕ್ಕೇ ಪಿನ್ ಬಿದ್ದರೆ ಬರೀ 'ಟಿಕ್' ಅನ್ನುತ್ತದೆ, ಅಷ್ಟೇ. ಅದೇ ತೋಟಾವನ್ನು ಸ್ವಲ್ಪ ತಿರುಗಿಸಿ ಹಾಕಿದರೆ ಎಷ್ಟೋ ಸಲ ಹಾರುತ್ತದೆ! ಅಂದರೆ ಮದ್ದು ಕೆಟ್ಟಿರಲಿಲ್ಲ, ಆ ಜಾಗದಲ್ಲಿ ಇರಲಿಲ್ಲ.

ಒಳ್ಳೆಯ ಕಂಪನಿಗಳ ತೋಟಾದಲ್ಲಿ ಇದು ಕಡಿಮೆ, ಆದರೆ ಒಳ್ಳೆಯ 9 ಎಂಎಂಗೆ ಹೋಲಿಸಿದರೆ ಜಾಸ್ತಿಯೇ. ಡಬ್ಬಕ್ಕೆ ಗುರಿ ಇಡುವವರಿಗೆ ಒಂದು 'ಟಿಕ್' ದೊಡ್ಡ ವಿಷಯವಲ್ಲ. ರಾತ್ರಿ ಬಾಗಿಲು ಒಡೆದು ಯಾರೋ ಒಳಗೆ ಬಂದಾಗ ಆ 'ಟಿಕ್' ಕೇಳಿಸಿದರೆ?

ಹಾಗಾದರೆ ಗುಂಡನ್ನು ತಳ್ಳುವ ಮದ್ದನ್ನಾದರೂ ಜಾಸ್ತಿ ಹಾಕಿ, ಜೋರಾದ ತೋಟಾ ಮಾಡಬಾರದಾ? ಆಗುವುದಿಲ್ಲ. ಪಿನ್ ಬಡಿದಾಗ ಅಂಚು ಜಜ್ಜಬೇಕು, ಅದಕ್ಕೆ ಹಿತ್ತಾಳೆ ತೆಳ್ಳಗಿರಬೇಕು. ತೆಳ್ಳಗಿದ್ದರೆ ಜಾಸ್ತಿ ಒತ್ತಡ ತಡೆಯುವುದಿಲ್ಲ. ಗುಂಡು ಚಿಕ್ಕದಾಗಿಯೇ ಉಳಿಯಲು ಅದೂ ಒಂದು ಕಾರಣ: ಸಾಮಾನ್ಯವಾಗಿ 2.6 ಗ್ರಾಂ, 9 ಎಂಎಂ ಗುಂಡಿನ ಮೂರನೇ ಒಂದು ಪಾಲು.

ಚಿಕ್ಕದು ಅಂತ ಹಗುರವಾಗಿ ಮಾತ್ರ ನೋಡಬೇಡಿ. 1981ರ ಮಾರ್ಚ್ 30ರಂದು ಆಗಿನ ಅಮೆರಿಕ ಅಧ್ಯಕ್ಷ ರೊನಾಲ್ಡ್ ರೇಗನ್ ಶ್ವಾಸಕೋಶಕ್ಕೆ ಹೊಕ್ಕಿದ್ದು .22 ಗುಂಡೇ. ಆದರೆ ಕೊಲ್ಲುವುದು ಬೇರೆ, ಮೈಮೇಲೆ ಬರುತ್ತಿರುವವನನ್ನು ಆ ಕ್ಷಣ ನಿಲ್ಲಿಸುವುದು ಬೇರೆ. ಆತ್ಮರಕ್ಷಣೆಗೆ ಬೇಕಾಗಿರುವುದು ಎರಡನೆಯದು, .22 ಸೋಲುವುದೂ ಅಲ್ಲೇ.

ಸಮಯ ಆಯ್ತು, ಉಳಿದದ್ದು ಬೇಗ ಹೇಳುತ್ತೇನೆ. 2021ರಲ್ಲಿ ತೋಟಾ ಮಾಡುವ ಅಮೆರಿಕದ ಫೆಡರಲ್ ಕಂಪನಿ ಗಿಡ್ಡ ಬ್ಯಾರೆಲ್‌ಗೆಂದೇ 'ಪಂಚ್' ಅನ್ನುವ .22 ತಂದಿತು. ಗುಂಡು ಅಗಲವಾಗುವುದಕ್ಕಿಂತ ಆಳಕ್ಕೆ ಹೋಗಲಿ ಅನ್ನುವುದು ಅವರ ಲೆಕ್ಕ, ಸರಿಯಾದ ಲೆಕ್ಕವೇ. ಕೈಯಲ್ಲಿ ಬಲ ಕಡಿಮೆ ಇರುವವರಿಗೆ, ಸಂಧಿವಾತ ಇರುವ ವಯಸ್ಸಾದವರಿಗೆ ದೊಡ್ಡ ಗನ್ನಿನ ಒದೆತ ತಡೆಯಲಾಗುವುದಿಲ್ಲ, ಅಂಥವರಿಗೆ .22 ನ್ಯಾಯವಾದ ಆಯ್ಕೆ. ಆದರೆ ಪಿಸ್ತೂಲಿಗಿಂತ ರಿವಾಲ್ವರ್ ಮೇಲು ಅಂತ ನಾನು ಹೇಳುತ್ತೇನೆ. ಪಿಸ್ತೂಲಿನಲ್ಲಿ ಹಾರದ ತೋಟಾವನ್ನು ಎರಡೂ ಕೈ ಹಾಕಿ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು ಹೊರಗೆ ಹಾಕಬೇಕು. ರಿವಾಲ್ವರಿನಲ್ಲಿ ಟ್ರಿಗರ್ ಮತ್ತೊಮ್ಮೆ ಒತ್ತಿದರೆ ಮುಂದಿನ ತೋಟಾ ತಾನಾಗಿ ಎದುರಿಗೆ ಬರುತ್ತದೆ. 'ನಿಡರ್' ರಿವಾಲ್ವರೇ ಆಗಿರುವುದು ನನಗೆ ಸಮಾಧಾನ.